ನನ್ನ ವಾಚಿನ ಲೆಕ್ಕದಾಗ ನಾ 27 ವರ್ಷದ ಹುಡುಗ

ಇದನ್ನ ಓದಿ ಯಾರೂ ಸಿಟ್ಟಾಗಬ್ಯಾಡ್ರಿ. ಮೊದಲ ತಪ್ಪು ನಂದೇ. ನಮ್ಮ ಮನಿ ಹೆಣ್ಮಕ್ಕಳ ವಾಟ್ಸಾಪ್ ಗ್ರೂಪಿನ್ಯಾಗ ದಿನಾ ರಾತ್ರಿ ವಾಚಿನ ಫೋಟೋ ಹಾಕೂ ಚಾಳಿ ಶುರು ಮಾಡಿದಾಕಿ ನಾನು. "ಇವತ್ತ 2,380 ಕ್ಯಾಲರಿ ಸುಟ್ಟೀನಿ ನೋಡ್ರೆವಾ" ಅಂತ ಬರದು, ಬಾಜೂಕ ಬೆಂಕಿ ಚಿತ್ರ ಒಂದು ಒತ್ತಿದ್ದೆ. ಮರುದಿನ ನಾದಿನಿಯವ್ರದು ಬಂತು. ಆಮ್ಯಾಲೆ ನಮ್ಮ ಅಕ್ಕಂದು, ಬಾಜೂಮನಿ ಟೀಚರ್ ಬಾಯಾರದು. ಯುಗಾದಿಗೆ ಶುರು ಆಗಿದ್ದು ಪಂಚಮಿ ಬರೂದ್ರಾಗ ಪಂದ್ಯಾ ಆಗಿ ಕುಂತಿತ್ತು. ಈಗ ಆ ಫೋಟೋ ನಿಲ್ಲಸೂಣು ಅಂತ ಕೇಳಾಕ ಇಷ್ಟು ಉದ್ದ ಬರ್ಯಾಕತ್ತೀನಿ. ಬರೇ "ಬ್ಯಾಡ" ಅಂದ್ರ ನಮ್ಮ ಪೈಕಿ ಯಾರೂ ಕೇಳಾವ್ರಲ್ಲ ಅಂತ ನನಗ ಗೊತ್ತೈತಿ, ಅದಕ್ಕ ಲೆಕ್ಕಾ ಸಹಿತ ಹೇಳ್ತೀನಿ.

ನನ್ನ ವಾಚಿನ ಕತಿ ಮೊದಲು. ಅದು ನನ್ನ ಮಗಂದು. ಅವ ಹೊಸಾದು ತೊಗೊಂಡಾಗ ಹಳೇದು ನನಗ ಬಂತು, ನಮ್ಮ ಮನ್ಯಾಗ ಹಳೇ ಮೊಬೈಲ್, ಹಳೇ ಚಾರ್ಜರ್ ಎಲ್ಲಾ ಅವ್ವನ ಪಾಲು. "ಅವ್ವಾ, ನಿನಗ ಸಕ್ರಿ ಗಡಿ ಮ್ಯಾಲೆ ಐತಿ, ಡಾಕ್ಟ್ರು ನಡಿ ಅಂದಾರ, ಇದನ್ನ ಕಟ್ಕೊಂಡು ನಡಿ" ಅಂತ ಹೇಳಿ, ನನ್ನ ಮೊಬೈಲಿಗೆ ಏನೋ ಜೋಡಿಸಿಕೊಟ್ಟು ಪುಣೆ ಬಸ್ ಹತ್ತಿದ. ನಾ ಮುಂಜಾನೆ 6ಕ್ಕ ಎದ್ದು ನೋಡಿದ್ರ, ಇನ್ನೂ ಮಾರಿ ತೊಳದಿರಲಿಲ್ಲ, ಆಗಲೇ 430ರ ಮ್ಯಾಲೆ ಕ್ಯಾಲರಿ ಸುಟ್ಟೀನಿ ಅಂತ ತೋರಸ್ತಿತ್ತು. ನಿದ್ದಿ ಮಾಡಿ! ಇಂಥಾ ಕೂಸಿನಂಥಾ ವಾಚು ಯಾರಿಗೆ ಬ್ಯಾಡ? ಸಾಧನಕೇರಿ ಕಡೆ ಮುಕ್ಕಾಲು ತಾಸು ನಡದು ಬಂದು, ಮನಿಗೆಲಸಾ ಮುಗಿಸಿ, ರಾತ್ರಿ ಮಲಗೂದ್ರಾಗ 2,300, 2,400. ಮೊಬೈಲಿನ ಆಪ್‌ನ್ಯಾಗ ಒಂದು ಶೇಂಗಾ ಹೋಳಗಿಗೆ 230 ಅಂತ ಇತ್ತು. ನಾ ಲೆಕ್ಕದಾಗ ಹುಷಾರ್, ಉಂಡದ್ದು 1,800, ಸುಟ್ಟದ್ದು 2,350, ಹಂಗಾದ್ರ ಎರಡು ಹೋಳಗಿ ತಿಂದ್ರೂ ಇನ್ನೂ ಲಾಭ ಅಂತ ತಿಂದೆ.

ಮೂರು ತಿಂಗಳಿಗೆ ಡಾಕ್ಟ್ರ ಹಂತ್ಯಾಕ ಹೋದ್ರ ತೂಕ ಎರಡು ಕಿಲೋ ಏರಿತ್ತು. "ಏನ್ರಿ, ನಡೀತೀರೋ ಇಲ್ಲೋ?" ಅಂದ್ರು. ನಾ ವಾಚು ಮುಂದ ಹಿಡದೆ. ಅವ್ರು ನಕ್ಕು, "ಅದಕ್ಕ ಸಕ್ರಿ ಇಲ್ಲ, ನಿಮಗ ಐತಿ" ಅಂದ್ರು.

ಇದರ ಗುಟ್ಟು ಬಿಚ್ಚಿದಾಕಿ ನಮ್ಮ ಅಕ್ಕನ ಮಗಳು. ರಜಾಕ್ಕ ಬಂದಾಕಿ ನನ್ನ ಮೊಬೈಲ್ ತಿರುವಿ ನೋಡಿ ಬಿದ್ದುಬಿದ್ದು ನಗಾಕ ಹತ್ತಿದ್ಳು. "ಚಿಗವ್ವಾ, ಇದರಾಗ ನೀ ಗಂಡಸು. ವಯಸ್ಸು 27, ಎತ್ತರ 175 ಸೆಂಟಿಮೀಟರ್, ತೂಕ 78 ಕಿಲೋ!" ನನ್ನ ಮಗ ಅವಸರದಾಗ ತನ್ನ ಖಾತೆನೇ ಹಾಕಿಕೊಟ್ಟು ಹೋಗಿದ್ದ. ಆ ವಾಚು ಮೂರು ತಿಂಗಳ ಪರ್ಯಂತ, ಪುಣೆಯಂವ ಧಾರವಾಡದಾಗ ಸೀರಿ ಉಟ್ಕೊಂಡು ರೊಟ್ಟಿ ಬಡ್ಯಾಕತ್ಯಾನ ಅಂತ ತಿಳಕೊಂಡಿತ್ತು.

ನನಗ ನಗೂನೂ ಬಂತು, ಸಿಟ್ಟೂ ಬಂತು. ಕೈಗೆ ಕಟ್ಟೀನಿ, ಚರ್ಮಕ್ಕ ಹತ್ತಿ ಕುಂತೈತಿ, ರಾತ್ರಿಯೆಲ್ಲಾ ಹಸಿರು ದೀಪ ಹಚ್ಚಿ ನೋಡ್ತೈತಿ, ಅಷ್ಟಾದ್ರೂ ನಾ ಯಾರು ಅಂತ ತಿಳೀಲಿಲ್ಲಲ್ಲ! ಅವತ್ತ ಮಗಳನ್ನ ಕುಂದ್ರಿಸಿಕೊಂಡು, ಈ ಕ್ಯಾಲರಿ ಅನ್ನೂದು ವಾಚಿಗೆ ಎಲ್ಲಿಂದ ಸಿಗತೈತಿ ಅಂತ ಪೂರ್ತಿ ಹೇಳಿಸಿಕೊಂಡೆ. ಆಕಿ ಓದಿದ್ದು ಅದೇ ಸಾಲಿನ ವಿದ್ಯೆ.

ಸುದ್ದಿ ಏನಪಾ ಅಂದ್ರ, ವಾಚು ಕ್ಯಾಲರಿ ಅಳಿಯೂದೇ ಇಲ್ಲ. ಕ್ಯಾಲರಿ ಅಂದ್ರ ಕಾವು. ನಾವು ಊಟದ ಲೆಕ್ಕಕ್ಕ ಹೇಳೂ ಒಂದು ಕ್ಯಾಲರಿ ಅಂದ್ರ ಒಂದು ಲೀಟರ್ ನೀರನ್ನ ಒಂದು ಡಿಗ್ರಿ ಬಿಸಿ ಮಾಡೂವಷ್ಟು ಕಾವು. ಮನಷ್ಯಾನ ಮೈಯಿಂದ ಇದನ್ನ ಖರೇ ಅಳೀಬೇಕಂದ್ರ ಅವನನ್ನ ಒಂದು ಖೋಲ್ಯಾಗ ಹಾಕಿ, ಅಂವ ಬಿಡೂ ಕಾವು, ಎಳಕೊಳ್ಳೂ ಉಸಿರು, ಬಿಡೂ ಉಸಿರು ಎಲ್ಲಾ ತೂಗಬೇಕು. 1890ರ ದಶಕದಾಗ ಅಮೆರಿಕಾದ ವೆಸ್ಲಿಯನ್ ವಿಶ್ವವಿದ್ಯಾಲಯದಾಗ ಆಟ್‌ವಾಟರ್ ಅನ್ನಾವ್ರು ಇಂಥಾ ಖೋಲಿ ಕಟ್ಟಿ ಮಂದಿನ ಒಳಗ ಕುಂದ್ರಿಸಿದ್ರು. ಈಗ ಇನ್ನೊಂದು ದಾರಿ ಐತಿ, ಗುರುತು ಹಚ್ಚಿದ ವಿಶೇಷ ನೀರು ಕುಡಿಸಿ ಒಂದೆರಡು ವಾರ ಉಚ್ಚಿ ತಪಾಸ ಮಾಡ್ತಾರ. ಅದು ಭಾಳ ತುಟ್ಟಿ ಕೆಲಸ. ಎರಡೂ ನಮ್ಮ ವಾಚಿನ ಕೈಲಿ ಆಗೂವಲ್ಲ.

ಹಂಗಾಗಿ ವಾಚು ಅಂದಾಜು ಮಾಡ್ತೈತಿ. ನಾವು ಮದವಿ ಅಡಿಗಿಗೆ "ತಲಿಗೆ ಇಷ್ಟು ಅಕ್ಕಿ" ಅಂತ ಹಿಡೀತೀವಲ್ಲ, ಅಂಥಾದು. ಆಟ್‌ವಾಟರ್ ಜೋಡಿ ಕೆಲಸ ಮಾಡಿದ್ದ ಬೆನೆಡಿಕ್ಟ್ ಅನ್ನಾಂವ, ಹ್ಯಾರಿಸ್ ಅನ್ನಾಂವನ ಕೂಡಿ, 136 ಗಂಡಸರು, 103 ಹೆಂಗಸರು, ಮತ್ತ ಒಂದಷ್ಟು ಎಳೇ ಕೂಸುಗಳನ್ನ ಅಳದು, ಮೈ ಸುಮ್ಮನ ಬಿದ್ಕೊಂಡಾಗ ಎಷ್ಟು ಕಾವು ಖರ್ಚಾಗತೈತಿ ಅನ್ನೂ ಸೂತ್ರಾನ 1919ರಾಗ ಬರದ. 1990ರಾಗ ಮತ್ತೊಂದು ಬಂತು, ಮಿಫ್ಲಿನ್ ಮತ್ತ ಸೇಂಟ್ ಜಿಯೋರ್ ಅನ್ನಾವ್ರದು, ಅದು 498 ಮಂದಿನ ಅಳದಿದ್ದು. ಕಂಪನಿಯವ್ರು ತಮ್ಮ ಲೆಕ್ಕಾ ಪೂರ್ತಿ ಬಿಟ್ಟು ಹೇಳಂಗಿಲ್ಲ, ಆದ್ರ ತಳಪಾಯ ಇಂಥಾದೇ ಒಂದು ಸೂತ್ರ.

ಹೆಣ್ಮಕ್ಕಳಿಗೆ ಆ 1990ರ ಸೂತ್ರ ಹಿಂಗೈತಿ, ಪೆನ್ನು ಹಿಡಕೋರಿ. ತೂಕದ ಕಿಲೋನ 10ರಿಂದ ಗುಣಸ್ರಿ. ಎತ್ತರದ ಸೆಂಟಿಮೀಟರ್ 6.25ರಿಂದ ಗುಣಿಸಿ ಕೂಡಸ್ರಿ. ವಯಸ್ಸು 5ರಿಂದ ಗುಣಿಸಿ ಕಳೀರಿ. ಕಡೀಕ 161 ಕಳೀರಿ. ನನ್ನ ತೂಕ 64, ಎತ್ತರ 153, ವಯಸ್ಸು 54. 640 ಮತ್ತ 956 ಕೂಡಿ 1,596. ಅದರಾಗ 270 ಹೋತು, 161 ಹೋತು, ಉಳದದ್ದು 1,165. ನಾ ದಿನಾ ಪೂರ್ತಿ ಹಾಸಿಗಿ ಬಿಟ್ಟು ಏಳಲಿಲ್ಲಂದ್ರೂ ಎದಿ ಬಡಕೊಳ್ಳಾಕ, ಉಸಿರಾಡಾಕ, ಮೈ ಬೆಚ್ಚಗ ಇರಾಕ ಖರ್ಚಾಗೂದು ಇಷ್ಟು. ಗಂಡಸರಿಗೆ 161 ಕಳಿಯೂ ಬದಲಿ 5 ಕೂಡಸ್ತಾರ. ನನ್ನ ಮಗನ ಲೆಕ್ಕ ಹಾಕಿದ್ರ 1,744 ಬಂತು. ಅಂದ್ರ ದಿನಕ್ಕ 580 ಹತ್ರಾ ಹತ್ರಾ ನಾ ಸುಡಲಾರದ್ದನ್ನ ವಾಚು ನನ್ನ ಖಾತೆಗೆ ಜಮಾ ಮಾಡ್ತಿತ್ತು. ಎರಡೂವರಿ ಹೋಳಗಿ. ತಿಂದಾಕಿ ನಾನು, ಸುಟ್ಟಾಂವ ಅಂವ.

ಮುಂಜಾನೆ 6ಕ್ಕ 430 ಬರೂ ಗುಟ್ಟೂ ಇದೇ. ರಾತ್ರಿ 12ಕ್ಕ ಲೆಕ್ಕ ಹೊಸಾದಾಗಿ ಶುರು ಆಗತೈತಿ, ಆರು ತಾಸಿಗೆ 1,744ರ ಕಾಲುಪಾಲು ಕೂಡಿರತೈತಿ. ಈಗ ನನ್ನ ಖರೇ ವಯಸ್ಸು, ತೂಕ ಹಾಕಿದ ಮ್ಯಾಲೆ ಏಳೂದ್ರಾಗ 290 ಇರತೈತಿ. ಅದೂ ಅಂದಾಜೇ. ಈ ಸೂತ್ರ ಬರದಾವ್ರು ಅಳದದ್ದು ಅಮೆರಿಕಾದ ಮಂದೀನ. ನಮ್ಮ ದೇಶದ ಐಸಿಎಂಆರ್ ತಜ್ಞರು ಹೊರಗಿನ ಸೂತ್ರಾನ ನಮಗ ಹಚ್ಚೂ ಮುಂದ 5 ಪ್ರತಿಶತ ಕಡಿಮಿ ಹಿಡದಿದ್ರು, ನಮ್ಮ ಮಂದಿ ಮೈ ಸುಮ್ಮನಿದ್ದಾಗ ಅಷ್ಟು ಕಮ್ಮಿ ಖರ್ಚು ಮಾಡ್ತೈತಿ ಅಂತ.

ಈಗ ನಮ್ಮ ಪಂದ್ಯಾಕ್ಕ ಬರ್ತೀನಿ. ದಿನಾ ಗೆಲ್ಲಾವ್ರು ಯಾರು? ನಮ್ಮ ನಾದಿನಿಯವ್ರು. ಅವ್ರನ್ನ ಕೇಳೇ ಬರ್ಯಾಕತ್ತೀನಿ, "ಬರಿ, ನನಗೇನ್ ನಾಚಿಕಿ" ಅಂದಾರ. ಅವ್ರ ತೂಕ 82, ಎತ್ತರ 160, ವಯಸ್ಸು 50. ಸೂತ್ರಕ್ಕ ಹಾಕಿದ್ರ 1,409. ದಿನಾ ಸೋಲಾಕಿ ಗದಗದಾಗಿರೂ ನನ್ನ ಸಣ್ಣ ನೆಗೆಣ್ಣಿ. ತೂಕ 48, ಎತ್ತರ 150, ವಯಸ್ಸು 49. ಆಕಿದು 1,011. ಇಬ್ಬರೂ ಕಣ್ಣು ತೆಗಿಯೂಕಿಂತ ಮೊದಲೇ ಒಬ್ಬಾಕಿ 400ರಷ್ಟು ಮುಂದಿದ್ರ ಅದೆಂಥಾ ಪಂದ್ಯಾ? ಅದು ಕೆಲಸದ ಪಂದ್ಯಾ ಅಲ್ಲ, ತೂಕದ ಪಂದ್ಯಾ. ನಡದ್ರೂ ಹಂಗೇ, ಭಾರ ಮೈ ಹೊತ್ತು ನಡದ್ರ ಹೆಚ್ಚು ಖರ್ಚು, ಹಗೂರ ಮೈಗೆ ಕಮ್ಮಿ. ಇದನ್ನ ನಾವು ದಿನಾ ರಾತ್ರಿ ಚಪ್ಪಾಳಿ ತಟ್ಟಿ ನೋಡಾಕತ್ತಿದ್ವಿ.

ಆ ನೆಗೆಣ್ಣಿ ಏನ್ ಮಾಡ್ತಾಳ ಗೊತ್ತೈತೇನು? ಮನ್ಯಾಗ ಎಂಟು ಮಂದಿ, ಎರಡು ಎಮ್ಮಿ. ಸೆಗಣಿ ಬಳಿಯೂದು, ಹಾಲು ಹಿಂಡೂದು, ಹಿಂಡಿ ನೆನಸೂದು, ರೊಟ್ಟಿ ಬಡಿಯೂದು. ಆಕಿ ತೋಳು ಮುಟ್ಟಿ ನೋಡ್ರಿ, ಒನಕಿ ಇದ್ದಂಗ ಅದಾವ. ಸೂತ್ರಕ್ಕ ಇದು ಕಾಣಸಂಗಿಲ್ಲ, ಅದಕ್ಕ ಕಿಲೋ ಅಷ್ಟ ಗೊತ್ತು, ಆ ಕಿಲೋದಾಗ ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು ಗೊತ್ತಿಲ್ಲ.

ಕೆಲಸದ ಲೆಕ್ಕಾ ವಾಚು ಹೆಂಗ ಹಿಡೀತೈತಿ ಅನ್ನೂದು ಇನ್ನೂ ಮಜಾ ಐತಿ. ಒಳಗ ಒಂದು ಸಣ್ಣ ಯಂತ್ರ ಇರತೈತಿ, ಕೈ ಹೆಂಗ ಅಲಗತೈತಿ ಅಂತ ನೋಡಿ ಹೆಜ್ಜಿ ಎಣಸ್ತೈತಿ. ಕಾಲಿನ ಸುದ್ದಿ ಅದಕ್ಕಿಲ್ಲ, ಕೈ ಬೀಸಿದ್ರ ನಡದಂಗ. ನಾ ಒಂದಿನಾ ಬೇಕಂತಲೇ ನೋಡಿದೆ. ಒಲಿ ಮುಂದ ಒಂದೇ ಕಡೆ ನಿಂತು 20 ಜ್ವಾಳದ ರೊಟ್ಟಿ ಬಡದೆ, 412 ಹೆಜ್ಜಿ ಕೂಡಿತು. ನಿಂತ ಜಾಗಾ ಬಿಟ್ಟು ಸರದಿಲ್ಲ. ಮರುದಿನ ನಳದಾಗ ನೀರು ಬಂದಿತ್ತು. ಎರಡೂ ಕೈಯಾಗ ತುಂಬಿದ ಬಕೆಟ್ ಹಿಡಕೊಂಡು ಹಿತ್ತಲದಿಂದ ಅಡಿಗಿಮನಿಗೆ ಹದಿನಾರು ಸಲ ತಿರುಗಿದೆ, ನಡಾ ಬಿದ್ದುಹೋತು, ವಾಚು 60 ಹೆಜ್ಜಿ ಅಂತು. ಭಾರ ಹೊತ್ತ ಕೈ ಬೀಸಂಗಿಲ್ಲಲ್ಲ. ಮೊಮ್ಮಗನ್ನ ಬಗಲಾಗ ಎತ್ಕೊಂಡ್ರೂ ಇದೇ ಹಣೆಬರಹ. ಕುಕ್ಕರಗಾಲಿಲೇ ಕುಂತು ನೆಲಾ ಒರಸಿದ್ರ, ಬಗ್ಗಿ ಅರಬಿ ಹಿಂಡಿದ್ರ ಅದಕ್ಕ ಏನ್ ತಿಳೀತೈತೋ ಆ ದೇವರಿಗೇ ಗೊತ್ತು.

(ಈ ದಿನಕ್ಕ 10,000 ಹೆಜ್ಜಿ ಅನ್ನೂದು ಯಾವ ಡಾಕ್ಟ್ರೂ ಅಳದು ಹೇಳಿದ್ದಲ್ಲ. 1965ರಾಗ ಜಪಾನಿನ್ಯಾಗ ಹೆಜ್ಜಿ ಎಣಸೂ ಡಬ್ಬಿ ಒಂದು ಮಾರಾಟಕ್ಕ ಬಂತು, ಅದರ ಹೆಸರೇ "ಹತ್ತು ಸಾವಿರ ಹೆಜ್ಜಿ ಮಾಪಕ". ಅಲ್ಲಿಂದ ಹಬ್ಬಿದ್ದು. ನಮ್ಮ ಟೀಚರ್ ಬಾಯಾರು ರಾತ್ರಿ 11ಕ್ಕ ಪಡಸಾಲ್ಯಾಗ ಗಾಣದ ಎತ್ತಿನಂಗ ತಿರಗೂದನ್ನ ಇನ್ನಾದ್ರೂ ಬಿಡ್ಲಿ.)

ಇನ್ನ ಬೆನ್ನಿನ ಹಸಿರು ದೀಪ. ರಕ್ತ ಹಸಿರು ಬೆಳಕನ್ನ ಹೀರಕೊಂತೈತಿ. ಎದಿ ಬಡಿದಾಗೊಮ್ಮೆ ಕೈಯಾಗ ರಕ್ತ ಹೆಚ್ಚಾಗತೈತಿ, ವಾಪಸ್ ಬರೂ ಬೆಳಕು ಕಮ್ಮಿ ಆಗತೈತಿ, ಅದನ್ನ ಎಣಿಸಿ ನಾಡಿ ಹೇಳ್ತೈತಿ. ಜಾಣತನದ ಕೆಲಸ, ನಾ ಇಲ್ಲ ಅನ್ನಂಗಿಲ್ಲ. ಬಳಿ ನಡುವ ಸಡಲಾಗಿ ಕಟ್ಟಿದ್ರ ಮಾತ್ರ ತಪ್ಪತೈತಿ. ತೊಂದ್ರಿ ಎಲ್ಲಿ ಅಂದ್ರ, ನಾಡಿ ಏರಿತು ಅಂದ್ರ ಕ್ಯಾಲರಿ ಸುಟ್ಟಳು ಅಂತ ಅದು ಹಿಡೀತೈತಿ. ನಾಡಿ ಸಿಟ್ಟಿಗೂ ಏರತೈತಿ, ಹೆದರಿಕಿಗೂ ಏರತೈತಿ, ಬ್ಯಾಸಿಗ್ಯಾಗ ಒಲಿ ಮುಂದ ನಿಂತ್ರೂ ಏರತೈತಿ. ಹಂಗಂತ ಮೈಯಾಗಿನ ಕೊಬ್ಬು ಕರಗಿತೇನು? ಇದರ ಉಲ್ಟಾನೂ ಐತಿ. ಬೀಟಾ ಬ್ಲಾಕರ್ ಅಂತ ಬಿಪಿ ಗುಳಿಗಿ ಒಂದು ಜಾತಿ ಅದಾವ, ನಮ್ಮ ಅಕ್ಕ ತೊಗೊಳ್ಳೂದು ಅದೇ. ಅವು ನಾಡಿ ಏರಗೊಡಂಗಿಲ್ಲ. ಆಕಿ ಗುಡ್ಡಾ ಹತ್ತಿದ್ರೂ ವಾಚಿಗೆ ಆಕಿ ಕಟ್ಟಿ ಮ್ಯಾಲೆ ಕುಂತಂಗ.

ಬಲ್ಲವ್ರು ಇದನ್ನ ಒರೆಗೆ ಹಚ್ಚಿ ನೋಡ್ಯಾರ. 2017ರಾಗ ಅಮೆರಿಕಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವ್ರು 60 ಮಂದಿಗೆ ಏಳು ನಮೂನಿ ವಾಚು ಕಟ್ಟಿ ನಡಿಸಿದ್ರು, ಓಡಿಸಿದ್ರು, ಸೈಕಲ್ ತುಳಿಸಿದ್ರು. ನಾಡಿ ಲೆಕ್ಕದಾಗ ಏಳರಾಗ ಆರು ವಾಚು 5 ಪ್ರತಿಶತದ ಒಳಗೇ ಇದ್ವು. ಕ್ಯಾಲರಿ ಲೆಕ್ಕದಾಗ ಎಲ್ಲಾಕ್ಕಿಂತ ಚಲೋ ವಾಚಿನ ಸರಾಸರಿ ತಪ್ಪು 27 ಪ್ರತಿಶತ, ಎಲ್ಲಾಕ್ಕಿಂತ ಕೆಟ್ಟದ್ದರದು 93. ಅವು ಹಳೇ ವಾಚು ಖರೇ. ಆದ್ರ ಚಲೋದ್ದನ್ನೇ ಹಿಡದ್ರೂ, ನಡದು ಬಂದ ಮ್ಯಾಲೆ 200 ಅಂತ ತೋರಿಸಿದ್ರ ಅದು 150ನೂ ಇರಬಹುದು, 250ನೂ ಇರಬಹುದು. ತಕ್ಕಡಿ ಹಿಂಗ ತೂಗಿದ್ರ ಸಂತ್ಯಾಗ ನಾವು ಬದನಿಕಾಯಿ ಸೈತ ತೊಗೊಳ್ಳಂಗಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರ ನಾ ಇದರಾಗ ಎರಡು ಸಲ ಮೋಸ ಹೋಗೀನಿ. ಯಾವ ಕೆಲಸಕ್ಕ ಎಷ್ಟು ಅಂತ ದೊಡ್ಡದೊಂದು ಪಟ್ಟಿ ಐತಿ, 1993ರಾಗ ಬಾರ್ಬರಾ ಐನ್ಸ್‌ವರ್ತ್ ಅನ್ನೂ ಬಾಯಾರು ಮತ್ತ ಅವ್ರ ಸಂಗಡಿಗರು ಕೂಡಿಸಿದ್ದು. ಸುಮ್ಮನ ಕುಂತಾಗಿನ ಖರ್ಚು ಒಂದು ಪಟ್ಟು ಅಂತ ಹಿಡೀತಾರ, ತಾಸಿಗೆ ಕಿಲೋಕ್ಕ ಒಂದು ಕ್ಯಾಲರಿ. ತಾಸಿಗೆ 5 ಕಿಲೋಮೀಟರ್ ಹತ್ರ ನಡದ್ರ ಮೂರೂವರಿ ಪಟ್ಟು. ನನ್ನ 64 ಕಿಲೋಕ್ಕ ಮುಕ್ಕಾಲು ತಾಸಿನ ನಡಿಗಿ ಅಂದ್ರ 168. ಆದ್ರ ಅದರಾಗ 48 ನಾ ಮನ್ಯಾಗ ಕುಂತು ಧಾರಾವಾಹಿ ನೋಡಿದ್ರೂ ಖರ್ಚಾಗೂದಿತ್ತು. ನಡದದ್ದರ ನಿವ್ವಳ ಗಳಿಕಿ 120. ಹೋಳಗ್ಯಾಗ ಹೇಳಬೇಕಂದ್ರ ಅರ್ಧಾ. ವಾಚಿನ್ಯಾಗ ಕಾಣೂ ದೊಡ್ಡ ಅಂಕಿ ಒಟ್ಟಿಂದು, ಉಸಿರಾಡಿದ್ದೂ ಕೂಡಿದ್ದು. ಅದನ್ನ "ಗಳಿಸೀನಿ" ಅಂತ ತಿಳದು ಉಣ್ಣಾಕ ಕುಂತ್ರ ನನ್ನ ಗತಿ.

ಅದೇ ಪಟ್ಟಿಯ 2011ರ ಆವೃತ್ತ್ಯಾಗ ಕಸಾ ಹೊಡಿಯೂದಕ್ಕ 3.3 ಪಟ್ಟು ಅಂತೈತಿ. ನಡಿಯೂದಕ್ಕ 3.5, ಕಸಕ್ಕ 3.3. ಎಷ್ಟು ಫರಕು ಹೇಳ್ರಿ? ನಮ್ಮ ಮನಿಯವ್ರು ಮುಂಜಾನೆ ದೋಸ್ತರ ಜೋಡಿ ತಿರಗಿ ಬಂದ್ರ ಅದು "ಎಕ್ಸರ್ಸೈಜ್", ಹೊರಡೂ ಮುಂದ ವಾಚಿನ ಗುಂಡಿ ಒತ್ತಿ ಹೋಗಿರತಾರ. ಬಂದು ಸೋಫಾದ ಮ್ಯಾಲೆ ಕುಂತು ಚಾ ಬೇಡೂ ಮುಂದ ನಾ ಮೂರು ಖೋಲಿ, ಪಡಸಾಲಿ, ಅಂಗಳ ಹೊಡದು ಮುಗಿಸಿರತೀನಿ. ಗುಂಡಿ ಯಾರು ಒತ್ತಬೇಕು? ಕಸಬರಿಗಿಗೆ ಗುಂಡಿ ಇರಂಗಿಲ್ಲ. ಹಂಗಂತ ನಾ ನಡಿಯೂದು ಬಿಟ್ಟಿಲ್ಲ, ಡಾಕ್ಟ್ರು ಹೇಳಿದಂಗ ತಡವಿಲ್ಲದ ಒಂದೇ ಸವನ ನಡಿಯೂದ್ರಿಂದ ಸಕ್ರಿಗೆ ಆಗೂ ಉಪಯೋಗ ಬ್ಯಾರೆನೇ ಐತಿ. ಆದ್ರ ನಿಮ್ಮ ಮನ್ಯಾಗ ಯಾರಾದ್ರೂ ವಾಚು ತೋರಿಸಿ "ನೀ ದಿನಾ ಪೂರ್ತಿ ಏನ್ ಮಾಡೀದಿ" ಅಂದ್ರ, ಈ 3.3 ನೆನಪಿಡ್ರಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವ್ರು 2020ರಾಗ ಕೊಟ್ಟ ಲೆಕ್ಕದಾಗ, 55 ಕಿಲೋದ ಹೆಣ್ಮಗಳು ಕುಂತ ಕೆಲಸಾ ಮಾಡಾಕಿ ಇದ್ರ ದಿನಕ್ಕ 1,660 ಕ್ಯಾಲರಿ ಬೇಕು, ನಡಬರಕ ಕೆಲಸದಾಕಿಗೆ 2,130, ಕಷ್ಟದ ಕೆಲಸದಾಕಿಗೆ 2,720. ಒಬ್ಬಾಕಿಗೆ ಇನ್ನೊಬ್ಬಾಕಿಗೆ ಸಾವಿರದ ಫರಕು, ತೂಕ ಮಾತ್ರ ಒಂದೇ. ನನ್ನ ನೆಗೆಣ್ಣಿ ಆ ಮೂರರಾಗ ಯಾವಾಕಿ ಅಂತ ಆಕಿ ಎಮ್ಮಿಗೆ ಗೊತ್ತು, ವಾಚಿಗೆ ಗೊತ್ತಿಲ್ಲ.

ಈಗ ಪಂಚಮಿ ದಿನದ ಕತಿ. ಗ್ರೂಪಿನ್ಯಾಗ ಎಲ್ಲಾರೂ ನೋಡೀರಿ, ಆದ್ರ ಒಳಗಿಂದು ಗೊತ್ತಿಲ್ಲ. ಅವತ್ತ ನೆಗೆಣ್ಣಿ ವಾಚಿನ್ಯಾಗ 1,290 ಬಂದಿತ್ತು, ನಾದಿನಿಯವ್ರದು 2,100 ಚಿಲ್ಲರ. ಯಾರೋ ಒಬ್ಬರು "ಗದಗದಾವ್ರು ಇವತ್ತ ಜೋಕಾಲಿ ಆಡ್ಕೋತ ಕುಂತಿದ್ರೇನು?" ಅಂತ ಬರದ್ವಿ. ಒಬ್ಬರು ಅಂತ ಮುಚ್ಚಿಡೂದ್ಯಾಕ, ನಾನೇ ಬರದಿದ್ದೆ. ಆಕಿ ನಗೂ ಚಿತ್ರ ಹಾಕಿದ್ಳು. ಆದ್ರ ಮುಂಜಾನಿಂದ ಎರಡು ಉಂಡಿ ತಿಂದೀನಿ, ಸುಟ್ಟದ್ದು 1,290 ಅಷ್ಟ, ಆಪ್ ಬ್ಯಾರೆ ಕೆಂಪು ಗೆರಿ ತೋರಸಾಕತ್ತೈತಿ ಅಂತ ರಾತ್ರಿ ಊಟಾ ಬಿಟ್ಳು. ಸಕ್ರಿ ಗುಳಿಗಿ ಮಾತ್ರ ತಪ್ಪಸಲಿಲ್ಲ, ಅದು ನಿಯಮ ಅಂತ.

ರಾತ್ರಿ ಎರಡರ ಸುಮಾರು ಮೈಯೆಲ್ಲಾ ಬೆವತು, ಕೈ ನಡುಗಿ, ಮಾತು ತೊದಲಾಕ ಹತ್ತಿತಂತ. ಪುಣ್ಯಾಕ್ಕ ಮಗ ಎಚ್ಚರಿದ್ದ. ಮಿಷಿನ್ಯಾಗ ನೋಡಿದ್ರ ಸಕ್ರಿ 56. ಸಕ್ರಿ ನೀರು ಕುಡಿಸಿ, ಸಾವರಿಸಿದ ಮ್ಯಾಲೆ ಬಿಸ್ಕೀಟ್ ತಿನಿಸಿ, ಬೆಳಗಾಗೂತನಕಾ ಕುಂತಾನ. ಡಾಕ್ಟ್ರು ಹೇಳಿದ್ದು ಇಷ್ಟು: ಎಲ್ಲಾ ಸಕ್ರಿ ಗುಳಿಗಿ ಹಂಗಿಲ್ಲ, ಆದ್ರ ಆಕಿ ತೊಗೊಳ್ಳೂ ಜಾತಿದು ನೀವು ಉಂಡೀರೋ ಇಲ್ಲೋ ನೋಡಂಗಿಲ್ಲ, ಸಕ್ರಿ ಇಳಸೂ ಕೆಲಸಾ ಅದು ಮಾಡೇ ಮಾಡ್ತೈತಿ. ಗುಳಿಗಿ ತೊಗೊಂಡು ಊಟಾ ಬಿಡೂದು ಅಂದ್ರ ಬಾವಿಗೆ ಇಳದು ಹಗ್ಗಾ ಮ್ಯಾಲೆ ಎಳಕೊಂಡಂಗ.

ಆಕಿ ಇದನ್ನ ನನಗ ಹೇಳಿದ್ದು ಹದಿನೈದು ದಿನದ ಮ್ಯಾಲೆ, ಅದೂ ನಾ ಕೆದಕಿ ಕೇಳಿದ ಮ್ಯಾಲೆ. "ಅಕ್ಕಾ, ನಾ ಎಷ್ಟು ದುಡದ್ರೂ ಅದರಾಗ ಬರವಲ್ದು, ನನಗೇ ನಾ ಆಲಸಿ ಅದೀನೇನೋ ಅನ್ನಸಾಕ ಹತ್ತಿತ್ತು" ಅಂದ್ಳು. ಎಂಟು ಮಂದಿಗೆ ರೊಟ್ಟಿ ಬಡಿಯೂ ಹೆಣ್ಮಗಳ ಬಾಯಾಗ ಈ ಮಾತು ಬರಸಿದಾವ್ರು ನಾವು.

ವಾಚು ಒಗೀರಿ ಅಂತ ನಾ ಹೇಳಾಕತ್ತಿಲ್ಲ. ನನ್ನ ಕೈಯಾಗ ಈಗೂ ಐತಿ. ನಿನ್ನಿಕಿಂತ ಇವತ್ತ ಹೆಚ್ಚು ನಡದೆನೋ ಕಮ್ಮಿ ನಡದೆನೋ ಅಂತ ನೋಡ್ತೀನಿ. ಅದೇ ವಾಚು, ಅದೇ ಕೈ, ಅದೇ ದಾರಿ, ತಪ್ಪಿದ್ರೂ ದಿನಾ ಒಂದೇ ನಮೂನಿ ತಪ್ಪತೈತಿ. ರೊಟ್ಟಿ ಬಡಿಯೂ ಮುಂದ ಬಿಚ್ಚಿ ಹಿಟ್ಟಿನ ಡಬ್ಬಿ ಮ್ಯಾಲೆ ಇಡ್ತೀನಿ. ಕ್ಯಾಲರಿ ತೋರಸೂ ಪರದೆನ ಅಕ್ಕನ ಮಗಳ ಕಡೆಯಿಂದ ತೆಗಿಸಿಬಿಟ್ಟೆ. ನೀವೂ ಒಂದ್ಸಲ ಸೆಟ್ಟಿಂಗ್ ತೆರದು ವಯಸ್ಸು, ತೂಕ ನಿಮ್ಮವೇ ಅದಾವೇನು ನೋಡ್ಕೋರಿ, ಹಳೇ ವಾಚು ಕಟ್ಕೊಂಡಾಕಿ ನಾ ಒಬ್ಬಾಕೆ ಅಲ್ಲ. ಊಟಾ ಎಷ್ಟು ಅನ್ನೂದನ್ನ ತಿಂಗಳಿಗೊಮ್ಮೆ ತೂಕದ ಯಂತ್ರ, ಮೂರು ತಿಂಗಳಿಗೊಮ್ಮೆ ರಕ್ತದ ತಪಾಸ ನೋಡಿ ಡಾಕ್ಟ್ರನ್ನ ಕೇಳ್ರಿ. ಆ ಹೋಳಗಿ ಬಿಟ್ಟ ಮ್ಯಾಲೆ ನನ್ನ ಎರಡು ಕಿಲೋದಾಗ ಒಂದೂವರಿ ಇಳದೈತಿ, ವಾಚು ಅದಕ್ಕ ಒಂದು ಮಾತೂ ಆಡಲಿಲ್ಲ.

ಗ್ರೂಪಿನ್ಯಾಗ ಇವತ್ತಿಂದ ಕ್ಯಾಲರಿ ಫೋಟೋ ಹಾಕೂದು ಬ್ಯಾಡ. ನಾದಿನಿಯವ್ರು ಒಪ್ಯಾರ, ಅಕ್ಕ ಒಪ್ಯಾಳ. ಟೀಚರ್ ಬಾಯಾರು "ನೋಡೂಣ್ರಿ" ಅಂದಾರ. ಮತ್ತ ಸಕ್ರಿ ಗುಳಿಗಿ ತೊಗೊಳ್ಳಾವ್ರು ನಮ್ಮಾಗ ಐದು ಮಂದಿ ಅದೀರಿ, ನಿಮ್ಮದು ಯಾವ ಜಾತಿ ಗುಳಿಗಿ, ಊಟಾ ತಪ್ಪಿದ್ರ ಏನ್ ಮಾಡಬೇಕು ಅಂತ ಈ ವಾರದಾಗ ನಿಮ್ಮ ಡಾಕ್ಟ್ರನ್ನ ಕೇಳಿ ಬರ್ರಿ. ನೆಗೆಣ್ಣಿ ದೀಪಾವಳಿಗೆ ಧಾರವಾಡಕ್ಕ ಬರಾಕತ್ಯಾಳ. ಜೋಕಾಲಿ ಮಾತಿಗೆ ನಾ ಆಕಿ ಮುಂದ ಕುಂತು ತಪ್ಪಾತು ಅನ್ನೂದು ಇನ್ನೂ ಬಾಕಿ ಐತಿ. ಫೋನಿನ್ಯಾಗ ಅಂದೀನಿ, ಆದ್ರ ಅದು ಸಾಲೂದಿಲ್ಲ.